ಸೇವೆಗೆ ಹೊರಟವರ ಆಸ್ಪತ್ರೆಯ ಬಿಲ್ಲು ಯಾರದು?



ಹೊರದೇಶದಲ್ಲಿ ಕೆಲವು ವಾರ ಸ್ವಯಂಸೇವಕರಾಗಿ ದುಡಿದು ಬರಬೇಕೆಂಬ ಆಸೆ ನಮ್ಮ ಯುವಜನರಲ್ಲಿದೆ. ಕೆಲವರ ಕಣ್ಣು 2027ರ ಆಗಸ್ಟ್‌ನಲ್ಲಿ ಸಿಯೋಲ್‌ನಲ್ಲಿ ನಡೆಯಲಿರುವ ವಿಶ್ವ ಯುವ ದಿನದ ಮೇಲೆ. ಇನ್ನು ಕೆಲವರ ಕಣ್ಣು ಪೂರ್ವ ಆಫ್ರಿಕಾದಲ್ಲಿ ಧರ್ಮಭಗಿನಿಯರು ನಡೆಸುವ ಶಾಲೆ, ಆಸ್ಪತ್ರೆಗಳ ಮೇಲೆ. ಟಿಕೆಟ್, ವೀಸಾ, ಚುಚ್ಚುಮದ್ದು ಎಲ್ಲದರ ಮಾತು ಮುಗಿದ ಮೇಲೆ ಪ್ರಯಾಣದ ಆರೋಗ್ಯ ವಿಮೆಯ ಮಾತು ಬರುತ್ತದೆ. ಆಗ ಸಾಮಾನ್ಯವಾಗಿ ಎರಡು ಉತ್ತರ ಕೇಳಿಬರುತ್ತವೆ. "ದೇವರ ಕೆಲಸಕ್ಕೆ ಹೋಗುವವರನ್ನು ದೇವರೇ ನೋಡಿಕೊಳ್ಳುತ್ತಾರೆ" ಎಂಬುದು ಒಂದು. "ಯಾವುದು ಕಡಿಮೆ ದುಡ್ಡಿನದೋ ಅದನ್ನು ಮಾಡಿಸಿಬಿಡಿ" ಎಂಬುದು ಇನ್ನೊಂದು. ಮೊದಲನೆಯದು ಭಕ್ತಿಯ ಮಾತು, ಎರಡನೆಯದು ಉಳಿತಾಯದ ಮಾತು. ಎರಡೂ ಒಂದು ಪ್ರಶ್ನೆಯನ್ನು ಕೇಳದೆ ಬಿಡುತ್ತವೆ: ಅಲ್ಲಿ ನಾನು ಹಾಸಿಗೆ ಹಿಡಿದರೆ ಆ ಭಾರ ಯಾರ ಹೆಗಲಿಗೆ?

ಭಕ್ತಿಯ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮುಡಿಪು ಗುಡ್ಡಕ್ಕೆ ಹೋಗಿ ನಾವು ಪ್ರಾರ್ಥಿಸುವ ಸಂತ ಜೋಸೆಫ್ ವಾಜ್ ಅವರನ್ನೇ ನೆನೆಯೋಣ. 1681ರಿಂದ 1684ರವರೆಗೆ ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿದ ಅವರು 1687ರಲ್ಲಿ ವೇಷ ಮರೆಸಿಕೊಂಡು ಶ್ರೀಲಂಕಾಕ್ಕೆ ಹೋದರು. ಅಲ್ಲಿ ಡಚ್ಚರ ಆಳ್ವಿಕೆಯ ಪ್ರದೇಶದಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವೇ ಇರಲಿಲ್ಲ. ಹಡಗು ಪ್ರಯಾಣದಲ್ಲಿ ಅಂಟಿದ ಆಮಶಂಕೆಯಿಂದ ಯಾಫ್ನಾದಲ್ಲಿ ನರಳಿದರು. ಅವರ ಕೈಯಲ್ಲಿ ಯಾವ ಪಾಲಿಸಿ ಇತ್ತು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಕಥೆಯ ಉಳಿದ ಭಾಗವನ್ನೂ ನೋಡಬೇಕು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ಅವರು ಊರು ಬಿಡಲಿಲ್ಲ, ರೋಗಿಗಳ ಆರೈಕೆಗೆ ನಿಂತರು. 1711ರಲ್ಲಿ ಅಲ್ಲಿಯೇ ತೀರಿಕೊಂಡರು. 24 ವರ್ಷ ಅಲ್ಲಿನವರ ಭಾರ ಹೊತ್ತು ಅಲ್ಲಿನವರೇ ಆಗಿಹೋದ ಮನುಷ್ಯ ಅವರು. ನಾವು ಹೋಗುವುದು ಆರು ವಾರಕ್ಕೆ. ಜೇಬಿನಲ್ಲಿ ವಾಪಸು ಟಿಕೆಟ್ ಇಟ್ಟುಕೊಂಡು ವಾಜ್ ಸ್ವಾಮಿಯವರ ಭರವಸೆ ನನಗೂ ಇದೆ ಎನ್ನುವುದು ಸರಿಯಾಗದು. ವಾಪಸು ಟಿಕೆಟ್ಟಿಗೆ ದುಡ್ಡು ಕೊಟ್ಟಾಗಲೇ ನಾವು ನಾಳೆಯ ಯೋಚನೆ ಮಾಡಿಯಾಗಿದೆ.

ಯೇಸುಸ್ವಾಮಿ ಶಿಷ್ಯರನ್ನು ಹಣದ ಚೀಲವಿಲ್ಲದೆ ಕಳುಹಿಸಿದ್ದು ನಿಜ. ಅದೇ ಲೂಕನ ಶುಭಸಂದೇಶದ 22ನೇ ಅಧ್ಯಾಯದಲ್ಲಿ, ಈಗ ಚೀಲ ಇರುವವನು ತೆಗೆದುಕೊಳ್ಳಲಿ ಎಂದು ಹೇಳಿದ್ದೂ ನಿಜ. ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಹೇಳಿದಾಗ ಅವರು ಧುಮುಕಲಿಲ್ಲ. ದೇವರನ್ನು ನಂಬುವುದು ಬೇರೆ, ದೇವರನ್ನು ಪರೀಕ್ಷಿಸುವುದು ಬೇರೆ. ಈ ವ್ಯತ್ಯಾಸ ತಿಳಿಯುವುದನ್ನೇ ಧರ್ಮಸಭೆ ವಿವೇಕ ಎಂದು ಕರೆದು ನಾಲ್ಕು ಮೂಲ ಸದ್ಗುಣಗಳಲ್ಲಿ ಒಂದಾಗಿ ಎಣಿಸಿದೆ.

ಇನ್ನು ಭಾರದ ವಿಷಯ. ಆಸ್ಪತ್ರೆ ಗಡಿಯಾಚೆ ಇದ್ದರೆ ಏನಾಗುತ್ತದೆ ಎಂಬುದನ್ನು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಜೀವ ಬಿಟ್ಟವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕಾರುಣ್ಯ ಯೋಜನೆಯ ಕಾರ್ಡು ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ಕೊಡುತ್ತದಾದರೂ ಅದು ವಿದೇಶದಲ್ಲಿ ನಡೆಯುವುದಿಲ್ಲ. ಪೂರ್ವ ಆಫ್ರಿಕಾದ ಒಂದು ಸಣ್ಣ ಮಿಷನ್ ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ನಮ್ಮ ಹುಡುಗನಿಗೋ ಹುಡುಗಿಗೋ ಮಲೇರಿಯಾ ತಲೆಗೇರಿತು. ಹಾಸಿಗೆ, ಔಷಧಿ, ರಕ್ತ ಎಲ್ಲವನ್ನೂ ಸಿಸ್ಟರುಗಳು ಕೊಟ್ಟೇ ಕೊಡುತ್ತಾರೆ, ಬಿಲ್ಲು ಕೇಳುವುದಿಲ್ಲ. ಆದರೆ ಆ ಹಾಸಿಗೆ ಅಲ್ಲಿನ ಬಡವರಿಗೆಂದು ಯಾರೋ ದಾನ ಕೊಟ್ಟದ್ದು. ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ನೈರೋಬಿಯಿಂದ ವಿಮಾನ ಆಂಬುಲೆನ್ಸ್ ಬರಬೇಕು. ಆ ವೆಚ್ಚವನ್ನು ಸಿಸ್ಟರುಗಳು ಭರಿಸಲಾರರು. ಆಗ ಇಲ್ಲಿ ಅಪ್ಪ ಅಮ್ಮ ಅಡಿಕೆ ತೋಟದ ಪತ್ರ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. ಧರ್ಮಕೇಂದ್ರದಲ್ಲಿ ಚಂದಾ ಎತ್ತುತ್ತಾರೆ. ಸೇವೆಗೆಂದು ಹೋದವರಿಂದ ಎರಡು ಕಡೆಯ ಬಡವರಿಗೂ ಹೊರೆ.

ಒಳ್ಳೆಯ ಸಮಾರಿಯದವನ ಸಾಮತಿಯಲ್ಲಿ ಎಣ್ಣೆ, ದ್ರಾಕ್ಷಾರಸ, ಕಟ್ಟಿದ ಗಾಯಗಳ ಬಗ್ಗೆ ನಾವು ತುಂಬ ಪ್ರಬೋಧನೆ ಕೇಳಿದ್ದೇವೆ. ಮರುದಿನ ನಡೆದದ್ದರ ಬಗ್ಗೆ ಕೇಳಿದ್ದು ಕಡಿಮೆ. ಅವನು ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಅಂದಿನ ಕೂಲಿಯಾಳಿನ ಎರಡು ದಿನದ ಸಂಬಳ ಅದು. ಹೆಚ್ಚು ಖರ್ಚಾದರೆ ಬರುವಾಗ ನಾನೇ ತೀರಿಸುತ್ತೇನೆ ಎಂದೂ ಹೇಳಿದ. ತನ್ನ ಕರುಣೆಯ ಖರ್ಚನ್ನು ಛತ್ರದವನ ತಲೆಗೆ ಕಟ್ಟಲಿಲ್ಲ. ಸಂತ ಪೌಲರೂ ಹಾಗೆಯೇ. ಯಾರಿಗೂ ಹೊರೆಯಾಗಬಾರದೆಂದು ಹಗಲಿರುಳು ದುಡಿದೆ ಎಂಬುದನ್ನು ಥೆಸಲೋನಿಕದವರಿಗೆ ನೆನಪಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಸ್ವಯಂಸೇವಕರ ವಿಮೆಯ ಅರ್ಥ ಇಷ್ಟೇ: ನಾನು ಬಿದ್ದರೆ ನಿಮ್ಮ ಮೇಲೆ ಬೀಳುವುದಿಲ್ಲ ಎಂದು ಆತಿಥೇಯರಿಗೆ ಮೊದಲೇ ಕೊಡುವ ಮಾತು.

ಆ ಮಾತು ಉಳಿಯಬೇಕಾದರೆ ಪಾಲಿಸಿಯ ಬೆಲೆ ನೋಡಿದರೆ ಸಾಲದು, ಒಳಗೆ ಏನಿದೆ ಎಂದು ಓದಬೇಕು. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ತುರ್ತು ಚಿಕಿತ್ಸೆ, ಸ್ವದೇಶಕ್ಕೆ ಸಾಗಿಸುವ ಖರ್ಚು ಅದರಲ್ಲಿರಬೇಕು. ಆ ಕಾನೂನಿನ ಹಿಂದಿರುವುದೂ ಯಾರ ಹೆಗಲಿಗೆ ಭಾರ ಎಂಬ ಪ್ರಶ್ನೆಯೇ. ಇಂಥ ಷರತ್ತು ಇಲ್ಲದ ದೇಶಕ್ಕೆ ಹೋಗುವಾಗ ಆ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳಬೇಕು. ಹತ್ತಿರ ಒಳ್ಳೆಯ ಆಸ್ಪತ್ರೆ ಇಲ್ಲದಿದ್ದರೆ ಬೇರೆ ಊರಿಗೆ ಸಾಗಿಸುವ ಖರ್ಚು ಸೇರಿದೆಯೇ? ಸಾವು ಸಂಭವಿಸಿದರೆ ದೇಹವನ್ನು ಊರಿಗೆ ತರುವ ಖರ್ಚು ಸೇರಿದೆಯೇ? ಮೊದಲ ಎಷ್ಟು ಡಾಲರ್ ನಾವೇ ಕೈಯಿಂದ ಕೊಡಬೇಕು? ಕಂಪೆನಿ ನೇರವಾಗಿ ಆಸ್ಪತ್ರೆಗೆ ಕಟ್ಟುತ್ತದೆಯೇ, ಅಥವಾ ನಾವು ಕಟ್ಟಿ ಆಮೇಲೆ ಬಿಲ್ಲು ಕಳುಹಿಸಬೇಕೇ? ಪ್ರವಾಸಿಗರಿಗೆಂದು ಮಾಡಿದ ಪಾಲಿಸಿ ಕಟ್ಟಡ ಕೆಲಸದಂಥ ದೈಹಿಕ ದುಡಿಮೆಯನ್ನು ಹೊರಗಿಟ್ಟಿರಬಹುದು. ಪರವಾನಗಿ ಇಲ್ಲದೆ ಬೈಕು ಓಡಿಸಿ ಬಿದ್ದರೆ ಹಣ ಸಿಗದಿರಬಹುದು. ಇನ್ನೊಂದು ವಿಷಯ: ಮಲೇರಿಯಾದ ಜ್ವರ ಸೊಳ್ಳೆ ಕಚ್ಚಿದ ಒಂದೆರಡು ವಾರದ ಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ ಬರುತ್ತದೆ. ಪ್ರಯಾಣದ ಪಾಲಿಸಿ ಮರಳಿ ಬಂದೊಡನೆ ಮುಗಿಯುತ್ತದೆ. ಹಾಗಾಗಿ ಊರಿನ ಆರೋಗ್ಯ ವಿಮೆಯನ್ನೂ ಜೀವಂತ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಕಷ್ಟದ ಜಾಗ ಅರ್ಜಿಯ ಒಂದು ಸಾಲು: ಮೊದಲಿನಿಂದ ಯಾವುದಾದರೂ ಕಾಯಿಲೆ ಇದೆಯೇ? ಉಬ್ಬಸ ಇರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಇಲ್ಲಿ ತಡವರಿಸುತ್ತಾರೆ. "ಇಲ್ಲ ಎಂದು ಬರೆ, ಪ್ರೀಮಿಯಂ ಕಡಿಮೆಯಾಗುತ್ತದೆ" ಎಂದು ಸಲಹೆ ಕೊಡುವವರೂ ಸಿಗುತ್ತಾರೆ. ಕಂಪೆನಿಗೆ ಸುಳ್ಳು ಹೇಳಿದರೆ ಯಾರಿಗೆ ನಷ್ಟ ಎನ್ನುವುದುಂಟು. ಬಿ.ಎಸ್ಸಿ. ಓದುವಾಗ ಕಲಿತ ಸಂಭಾವ್ಯತೆಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಾವಿರ ಜನರಲ್ಲಿ ಯಾರಿಗೆ ಕಾಯಿಲೆ ಬರುತ್ತದೆ ಎಂದು ಹೇಳಲಾಗದು, ಸುಮಾರು ಎಷ್ಟು ಜನರಿಗೆ ಎಂದು ಹೇಳಬಹುದು. ಅದಕ್ಕೇ ಸಾವಿರ ಜನ ಸ್ವಲ್ಪ ಸ್ವಲ್ಪ ಹಾಕಿದರೆ ಬಿದ್ದ ಕೆಲವರನ್ನು ಎತ್ತಬಹುದು. ನಡುವೆ ಕಂಪೆನಿ ಲಾಭ ಮಾಡಿಕೊಂಡರೂ ಆ ಹಣದ ಮೂಲ ನಮ್ಮಂಥವರ ಜೇಬು. ಸುಳ್ಳು ಬರೆದವರು ಆ ಅಪರಿಚಿತರ ಪಾಲಿಗೆ ಕೈ ಹಾಕುತ್ತಾರೆ. ಮುಚ್ಚಿಟ್ಟದ್ದು ಹೊರಬಂದರೆ ಕಂಪೆನಿ ಹಣ ಕೊಡಲು ನಿರಾಕರಿಸಬಹುದು. ಆಗ ಭಾರ ಮತ್ತೆ ಆ ಸಿಸ್ಟರುಗಳಿಗೆ, ಆ ತಂದೆ ತಾಯಿಗೆ. ಎಂಟನೆಯ ಆಜ್ಞೆ ಅರ್ಜಿ ನಮೂನೆಗಳಿಗೂ ಅನ್ವಯಿಸುತ್ತದೆ.

ಗಲಾತ್ಯರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಪೌಲರು ಒಬ್ಬರ ಭಾರವನ್ನು ಒಬ್ಬರು ಹೊರಬೇಕು ಎನ್ನುತ್ತಾರೆ. ಮೂರು ವಚನಗಳಾದ ಮೇಲೆ ಪ್ರತಿಯೊಬ್ಬನೂ ತನ್ನ ಹೊರೆ ತಾನು ಹೊರಬೇಕು ಎನ್ನುತ್ತಾರೆ. ಗ್ರೀಕ್ ಮೂಲದಲ್ಲಿ ಎರಡು ಬೇರೆ ಪದಗಳಿವೆ: ಮೊದಲನೆಯದು ಒಬ್ಬರಿಂದಾಗದ ಭಾರ, ಎರಡನೆಯದು ಅವರವರ ಗಂಟು. ಪ್ರೀಮಿಯಂ ಕಟ್ಟುವುದು, ನಿಜ ಬರೆಯುವುದು ನಮ್ಮ ಗಂಟು. ಇಷ್ಟು ಮಾಡಿದ ಮೇಲೂ ಮೀರಿ ಬಂದದ್ದನ್ನು ಎಲ್ಲರೂ ಸೇರಿ ಹೊರುವುದರಲ್ಲಿ ನಾಚಿಕೆಯಿಲ್ಲ.

ಆ ಗಂಟನ್ನೂ ಎತ್ತಲಾಗದ ಮನೆಗಳು ನಮ್ಮಲ್ಲಿವೆ. ಪ್ರತಿಭೆಯಿದ್ದು ಹಣವಿಲ್ಲದ ಯುವಕ ಯುವತಿಯರು ಕಡಿಮೆ ಬೆಲೆಯ ಪಾಲಿಸಿ ಹಿಡಿದು ಹೋಗುವಂತಾಗಬಾರದು. ಯಾರನ್ನಾದರೂ ಧರ್ಮಕೇಂದ್ರದ ಹೆಸರಿನಲ್ಲಿ ಕಳುಹಿಸುವುದಾದರೆ ಖರ್ಚಿನ ಪಟ್ಟಿಯಲ್ಲಿ ವಿಮೆ ಮೊದಲು ಬರಲಿ, ಟೀ ಶರ್ಟ್ ಮತ್ತು ಬೀಳ್ಕೊಡುಗೆಯ ಊಟ ಆಮೇಲೆ ಎಂದು ಪಾಲನಾ ಮಂಡಳಿಯವರಲ್ಲಿ ನನ್ನ ವಿನಂತಿ.

ಒಂದು ಮಾತು ಮನಸ್ಸಿನಲ್ಲಿ ಚುಚ್ಚುತ್ತಲೇ ಇದೆ. ನನಗೆ ಕಾಯಿಲೆ ಬಿದ್ದರೆ ವಿಮಾನ ಬರುತ್ತದೆ, ನನ್ನ ಪಕ್ಕದಲ್ಲಿ ದುಡಿಯುವ ಅಲ್ಲಿನ ನರ್ಸಮ್ಮನಿಗೆ ಬರುವುದಿಲ್ಲ. ಈ ಅಂತರವನ್ನು ಯಾವ ಪಾಲಿಸಿಯೂ ತುಂಬದು. ನಾನು ಪಾಲಿಸಿ ಬಿಟ್ಟು ಹೋದರೂ ಅವರಿಗೆ ವಿಮಾನ ಸಿಗುವುದಿಲ್ಲ, ಅವರ ಊರಿನ ಒಂದು ಹಾಸಿಗೆ ಮಾತ್ರ ಕಡಿಮೆಯಾಗುತ್ತದೆ. ಅದಕ್ಕೆ ಪಾಲಿಸಿ ತೆಗೆದುಕೊಂಡೇ ಹೋಗೋಣ. ಅದರ ಒಂದು ಪ್ರತಿ ಮನೆಯಲ್ಲಿರಲಿ, ಒಂದು ಆತಿಥೇಯರ ಕೈಯಲ್ಲಿರಲಿ. ಅಲ್ಲಿ ತಲುಪಿದ ಮೇಲೆ, ಇಲ್ಲಿ ದುಡಿಯುವ ನಿಮಗೆ ಕಾಯಿಲೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳೋಣ. ಅವರ ಉತ್ತರವನ್ನು ಮರಳಿ ಬಂದು ಈ ಧರ್ಮಕೇಂದ್ರಕ್ಕೆ ತಿಳಿಸುವುದೂ ಸೇವೆಯ ಭಾಗವೇ.

— ಯುವ ಸಂಯೋಜಕಿ