ಕೈಗೆ ಹತ್ತಿದ ಮಸಿ

'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ' ಎಂಬ ಗಾದೆ ನಮ್ಮಲ್ಲಿ ಹಳೆಯದು. ಮನೆಯ ಹಿರಿಯರು ಇದನ್ನು ಹೇಳಿದಾಗ ಕಿರಿಯರು ತಲೆದೂಗುತ್ತಾರೆ. ತಲೆದೂಗಿ, ಕೆಲಸವನ್ನು ಆಳಿಗೇ ಒಪ್ಪಿಸಿ ಹೊರಟುಹೋಗುತ್ತಾರೆ. ಈ ಗಾದೆಯಲ್ಲಿ ಅರ್ಧ ವಿವೇಕವೂ ಅರ್ಧ ಅಹಂಕಾರವೂ ಕಲಸಿಕೊಂಡಿವೆ ಎಂದು ನನಗೆ ಬಹುಕಾಲದಿಂದ ಅನ್ನಿಸುತ್ತಿದೆ. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕೆಂಬುದು ವಿವೇಕ. ಇನ್ನೊಬ್ಬನು ಮಾಡಿದ್ದೆಲ್ಲ ಹಾಳು ಎಂಬುದು ಅಹಂಕಾರ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುವುದು ಹೇಗೆ? ದೊಡ್ಡ ಗ್ರಂಥಗಳ ನೆರವಿಲ್ಲದೆ, ಮನೆಯ ಜಗಲಿಗೆ ಒರಗಿಸಿಟ್ಟ ಒಂದು ಸೈಕಲ್ಲನ್ನು ಮುಂದಿಟ್ಟುಕೊಂಡೇ ಈ ಪ್ರಶ್ನೆಯನ್ನು ವಿಚಾರಿಸಬಹುದು. ನಮ್ಮ ಸೈಕಲ್ಲಿನ ಸಣ್ಣಪುಟ್ಟ ರಿಪೇರಿಯನ್ನು ನಾವೇ ಕಲಿಯಬೇಕೆ? ಕಲಿತರೆ ಯಾರಿಗೆ ಲಾಭ, ಯಾರಿಗೆ ನಷ್ಟ?

ಸೈಕಲ್ಲಿನಷ್ಟು ಪ್ರಾಮಾಣಿಕವಾದ ಯಂತ್ರ ಇನ್ನೊಂದಿಲ್ಲ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬಾತ ಅದಕ್ಕೆ ಇಂದಿನ ಆಕಾರ ಕೊಟ್ಟ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದ. ಅಲ್ಲಿಂದೀಚೆಗೆ ಲೋಕವೆಲ್ಲ ಬದಲಾದರೂ ನಮ್ಮ ಊರುಗಳ ಸಾಧಾರಣ ಸೈಕಲ್ಲಿನ ಮೂಲರೂಪ ಅಷ್ಟಾಗಿ ಬದಲಾಗಲಿಲ್ಲ. ಅದರ ಅಂಗಾಂಗಗಳೆಲ್ಲ ಕಣ್ಣೆದುರಿಗೇ ಇವೆ. ಕಾಲು ಪೆಡಲನ್ನು ತುಳಿಯುವುದು, ಚೈನು ಎಳೆಯುವುದು, ಹಿಂದಿನ ಗಾಲಿ ತಿರುಗುವುದು ಎಲ್ಲವನ್ನೂ ಐದು ವರ್ಷದ ಮಗು ಸಹ ನೋಡಿ ಹೇಳಬಲ್ಲದು. ಜೇಬಿನಲ್ಲಿರುವ ಮೊಬೈಲು ತನ್ನ ಗುಟ್ಟನ್ನು ಯಾರಿಗೂ ಬಿಟ್ಟುಕೊಡದು. ಸೈಕಲ್ಲಿಗೆ ಗುಟ್ಟೇ ಇಲ್ಲ. ಇಷ್ಟಾದರೂ ಹತ್ತು ವರ್ಷ ಅದರ ಮೇಲೆ ಕುಳಿತವರನ್ನು, 'ಸ್ವಾಮಿ, ಇದರ ಚೈನು ಎಷ್ಟು ಸಡಿಲವಿರಬೇಕು?' ಎಂದು ಕೇಳಿ ನೋಡಿ. ಸೀಟಿನ ಪರಿಚಯವೊಂದೇ ಅವರಿಗಿರುವ ಪರಿಚಯವೆಂದು ತಿಳಿದುಬರುತ್ತದೆ.

ಹಿಂದಿನವರು ಹೀಗಿರಲಿಲ್ಲ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ನಡೆಯುವ ದನಗಳ ಜಾತ್ರೆಯನ್ನು ಕಂಡವರಿಗೆ ಈ ಮಾತು ಗೊತ್ತು. ಅಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಊರು ನೋಡುತ್ತಾನೆ. ಮನೆಗೆ ತಂದಮೇಲೆ ಅದರ ಗೊರಸು ಸವೆದದ್ದು, ಹೆಗಲು ಬಾತದ್ದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಲಾಳ ಕಟ್ಟುವುದಕ್ಕೆ ಅವನು ಬೇರೆಯವನನ್ನು ಕರೆಯುತ್ತಾನೆ, ನಿಜ. ಆದರೆ ಲಾಳ ಕಟ್ಟಿಸಬೇಕಾದ ದಿನವನ್ನು ತಾನೇ ಬಲ್ಲ. ಅದೇ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಿಂತರೆ ವಿದ್ಯುತ್ ಮಗ್ಗಗಳ ಸದ್ದು ಕಿವಿ ತುಂಬುತ್ತದೆ. ನಡುವೆ ಒಂದು ಮಗ್ಗ ತಟ್ಟನೆ ನಿಲ್ಲುತ್ತದೆ. ಹಾಸಿನ ಎಳೆಯೊಂದು ಹರಿದಿದೆ. ನೇಯುವವರು ಕ್ಷಣದಲ್ಲಿ ಎಳೆಯನ್ನು ಹುಡುಕಿ, ಗಂಟು ಹಾಕಿ, ಮಗ್ಗವನ್ನು ಮತ್ತೆ ನಡೆಸುತ್ತಾರೆ. ಪ್ರತಿಯೊಂದು ಎಳೆ ಹರಿದಾಗಲೂ ಮೇಸ್ತ್ರಿಗೆ ಹೇಳಿಕಳುಹಿಸಿದರೆ ಸಂಜೆಗೆ ಒಂದು ಗೇಣು ಬಟ್ಟೆಯೂ ಇಳಿಯದು. ಎತ್ತಿನವನಾಗಲಿ ಮಗ್ಗದವನಾಗಲಿ ತನ್ನ ಅನ್ನದ ಸಾಧನವನ್ನು ಅರಿತುಕೊಂಡೇ ಅದರೊಡನೆ ಬಾಳುತ್ತಾನೆ.

ಇದರ ಪಕ್ಕದಲ್ಲಿ ಇನ್ನೊಂದು ನೋಟವನ್ನು ಇಟ್ಟು ನೋಡೋಣ. ಭಾನುವಾರ ಬೆಳಗಿನ ಜಾವದಲ್ಲಿ ಬೆಂಗಳೂರಿನಿಂದ ದೇವನಹಳ್ಳಿಯ ಮಾರ್ಗವಾಗಿ ನಂದಿಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗುವವರು ಈಗ ಅನೇಕರು. ಅವರ ಉತ್ಸಾಹ ಮೆಚ್ಚತಕ್ಕದ್ದು. ಸೈಕಲ್ಲುಗಳ ಬೆಲೆಯೋ, ಒಂದು ಜೊತೆ ಒಳ್ಳೆಯ ಎತ್ತನ್ನು ನೆನಪಿಗೆ ತರುವಂಥದು. ದಾರಿಯಲ್ಲಿ ಒಂದು ಜಾಲಿಯ ಮುಳ್ಳು ಚುಚ್ಚುತ್ತದೆ, 'ಸುಸ್' ಎಂಬ ಒಂದು ಸದ್ದು, ಸವಾರ ಕೆಳಗಿಳಿಯುತ್ತಾನೆ. ಅಷ್ಟು ಹೊತ್ತಿಗೆ ಯಾವ ಅಂಗಡಿಯೂ ಬಾಗಿಲು ತೆರೆದಿಲ್ಲ. ತೆರೆದಿದ್ದರೂ ಕೆಲವು ಹೊಸ ಸೈಕಲ್ಲುಗಳ ಟ್ಯೂಬಿನ ಮೂತಿ ಎಷ್ಟು ಸಪೂರವೆಂದರೆ ಹಳ್ಳಿಯ ಪಂಪು ಅದಕ್ಕೆ ಕಚ್ಚುವುದಿಲ್ಲ. ನಡುವೆ ಹಾಕಲು ಹೆಬ್ಬೆಟ್ಟಿನ ಉಗುರಿನಷ್ಟು ಗಾತ್ರದ ಹಿತ್ತಾಳೆಯ ತುಂಡೊಂದು ಬೇಕು. ಅದು ಅವನ ಬಳಿ ಇಲ್ಲ; ಹಾಗೆ ಒಂದು ತುಂಡು ಇದೆಯೆಂಬುದೂ ಅವನಿಗೆ ತಿಳಿಯದು. ಎರಡು ಗಳಿಗೆಯ ಹಿಂದೆ ಗಾಳಿಯನ್ನು ಸೀಳಿಕೊಂಡು ಹೋಗುತ್ತಿದ್ದ ಸ್ವತಂತ್ರ ಪುರುಷ ಈಗ ರಸ್ತೆಯ ಬದಿಯಲ್ಲಿ ಮೊಬೈಲು ಹಿಡಿದು ಯಾರನ್ನೋ ಕೂಗುತ್ತಿದ್ದಾನೆ. ಹಣ ಕೊಟ್ಟು ಪಡೆದದ್ದು ನಮ್ಮದಾಗುವುದು ರಸೀದಿಯಲ್ಲಿ. ಅರಿತು ನೋಡಿಕೊಂಡದ್ದು ನಮ್ಮದಾಗುವುದು ನಿಜವಾಗಿ.

ಹಾಗಾದರೆ ಕಲಿಯಬೇಕಾದುದು ಎಷ್ಟು? ಹೊಸಬನಿಗೆ ನಾಲ್ಕೇ ಪಾಠ ಸಾಕು. ಮೊದಲನೆಯದು ಗಾಳಿ. ವಾರಕ್ಕೊಮ್ಮೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಗಾಳಿ ಹಾಕುವುದು. ಗಾಳಿ ಕಡಿಮೆಯಾದ ಟೈರಿನ ಮೇಲೆ ಹಳ್ಳಕೊಳ್ಳ ಹಾರಿಸಿದರೆ ರಿಮ್ಮಿನ ಅಂಚಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬು ಕತ್ತರಿಸುತ್ತದೆ. ಎರಡನೆಯದು ಚೈನು. ಹಳೆಯ ಬಟ್ಟೆಯಿಂದ ಧೂಳನ್ನು ಚೆನ್ನಾಗಿ ಒರೆಸಿ, ಗಂಟುಗಂಟಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಮೇಲೆ ನಿಂತ ಎಣ್ಣೆಯನ್ನು ಮತ್ತೆ ಒರೆಸುವುದು. ಎಣ್ಣೆ ಹೆಚ್ಚಾದಷ್ಟೂ ನಮ್ಮ ಕೆಂಪು ಧೂಳು ಹೆಚ್ಚಾಗಿ ಹತ್ತುತ್ತದೆ. ಭಕ್ತಿಯಿಂದ ಎಣ್ಣೆ ಸುರಿಯುವುದಕ್ಕೆ ಅದೇನು ಶನಿದೇವರ ವಿಗ್ರಹವಲ್ಲ. ಸಾಧಾರಣ ಸೈಕಲ್ಲಿನ ಚೈನು ನಡುಮಧ್ಯದಲ್ಲಿ ಸುಮಾರು ಅರ್ಧ ಅಂಗುಲ ಮೇಲೆ ಕೆಳಗೆ ಆಡಿದರೆ ಸರಿ. ಮೂರನೆಯದು ಬ್ರೇಕು. ಅದರ ರಬ್ಬರು ರಿಮ್ಮನ್ನು ಹಿಡಿಯಬೇಕು, ಟೈರನ್ನು ಉಜ್ಜಬಾರದು, ಸವೆದಾಗ ಬದಲಾಯಿಸಬೇಕು. ರಿಮ್ಮಿಗೆ ಒಂದು ಹನಿ ಎಣ್ಣೆಯೂ ತಾಗಕೂಡದು.

ನಾಲ್ಕನೆಯದು ಪಂಕ್ಚರು, ನೀತಿಪಾಠವಿರುವುದು ಹೆಚ್ಚಾಗಿ ಇದರಲ್ಲಿಯೇ. ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಅದ್ದಿದರೆ ತೂತಿನಿಂದ ಗುಳ್ಳೆಗಳು ಏಳುತ್ತವೆ. ಅಲ್ಲಿ ಗುರುತು ಮಾಡಿ, ನೀರನ್ನು ಒರೆಸಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಬೇಕು. ಹಚ್ಚಿದ ಕೂಡಲೇ ತೇಪೆ ಅಂಟಿಸುವ ಆತುರ ಎಲ್ಲರಿಗೂ ಬರುತ್ತದೆ. ಕೆಲವು ನಿಮಿಷ ಕಾದು, ಅದು ಒಣಗಿದಂತಾದ ಮೇಲೆ ಅಂಟಿಸಿದರೆ ಮಾತ್ರ ತೇಪೆ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ತಡವಿ, ಚುಚ್ಚಿದ ಮುಳ್ಳನ್ನು ಹುಡುಕಿ ತೆಗೆಯಬೇಕು. ಇದನ್ನು ಮರೆತವನ ಹೊಸ ತೇಪೆ ಹತ್ತು ಮಾರು ಹೋಗುವುದರೊಳಗೆ ವ್ಯರ್ಥ. ತೂತು ಮುಚ್ಚಿ ಮುಳ್ಳನ್ನು ಹಾಗೆಯೇ ಬಿಡುವ ಅಭ್ಯಾಸ ನಮಗೆ ಸೈಕಲ್ಲಿನ ವಿಷಯದಲ್ಲಿ ಮಾತ್ರವೇ ಇದೆಯೆ? ಮನೆಯಲ್ಲಿ, ಕಚೇರಿಯಲ್ಲಿ, ಊರಿನ ವ್ಯವಹಾರದಲ್ಲಿ ನಾವು ಹಾಕುವ ತೇಪೆಗಳನ್ನು ಓದುಗರೇ ಎಣಿಸಿಕೊಳ್ಳಲಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. 'ಅಯ್ಯಾ, ಸಂಬಳ ಬರುವ ನೀವು ನಿಮ್ಮ ಪಂಕ್ಚರನ್ನು ನೀವೇ ಹಾಕಿಕೊಂಡರೆ, ಬೀದಿಯ ಮೂಲೆಯಲ್ಲಿ ಪಂಪು ಇಟ್ಟುಕೊಂಡು ಕುಳಿತವನ ಗತಿಯೇನು? ನಿಮ್ಮ ಸ್ವಾವಲಂಬನೆ ಅವನ ಅನ್ನಕ್ಕೆ ಕೈ ಹಾಕಿದಂತಲ್ಲವೆ?' 1927ರಲ್ಲಿಯೂ 1936ರಲ್ಲಿಯೂ ಇದೇ ನಂದಿಬೆಟ್ಟದ ಮೇಲೆ ಬಂದು ವಿಶ್ರಾಂತಿ ಪಡೆದ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದಕ್ಕೆ ಹತ್ತಿರದ ಪ್ರಸಂಗವೊಂದನ್ನು ಹೇಳಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿದ್ದಾಗ ಅವರು ತಮ್ಮ ಕಾಲರನ್ನು ತಾವೇ ಒಗೆದು ಗಂಜಿ ಹಾಕಿಕೊಂಡರು. ಬಿಳಿಯ ಕ್ಷೌರಿಕನೊಬ್ಬ ಒಲ್ಲೆನೆಂದಾಗ ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಂಡರು. ಎರಡೂ ಸಲ ನ್ಯಾಯಾಲಯದಲ್ಲಿ ಜೊತೆಯವರು ನಕ್ಕರು. ಅಗಸನ ಕಸುಬನ್ನೂ ಕ್ಷೌರಿಕನ ಕಸುಬನ್ನೂ ತೊಡೆದುಹಾಕುವ ಎಣಿಕೆ ಅವರಿಗಿರಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂದು ನಂಬಿದವರು ಅವರೇ. ಕೈಯಿಂದ ಮಾಡಿ ನೋಡಿದವನ ಬಾಯಲ್ಲಿ ಆ ಮಾತಿಗೆ ತೂಕ ಬರುತ್ತದೆ.

ಸೈಕಲ್ ಅಂಗಡಿಯವನ ಅನ್ನವನ್ನು ಕಸಿದವರು ಯಾರು ಎಂಬುದನ್ನೂ ನೋಡಬೇಕು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಕೊಟ್ಟು, ಊರಿನ ಹುಡುಗರಿಗೆಲ್ಲ ಮೊಣಕಾಲು ತರಚಿಸಿ ಸವಾರಿ ಕಲಿಸಿದ ಅಂಗಡಿಗಳು ಹೊಸಕೋಟೆ, ನೆಲಮಂಗಲದಂಥ ಊರುಗಳಲ್ಲಿ ಹಿಂದೆ ಇದ್ದವು. ಇಂದು ಅಂಥವರಲ್ಲಿ ಅನೇಕರು ಮೋಟಾರು ಬೈಕಿನ ಟೈರನ್ನು ನಂಬಿ ಬದುಕಬೇಕಾಗಿದೆ. ಅವರಿಗೆ ಏಟು ಬಿದ್ದದ್ದು ಸೈಕಲ್ಲನ್ನು ಅರಿತು ಓಡಿಸಿದವರಿಂದಲ್ಲ, ಅದನ್ನು ಮೂಲೆಗೆ ಒರಗಿಸಿದವರಿಂದ. ಮೂಲೆಯಲ್ಲಿ ತುಕ್ಕು ಹಿಡಿಯುವ ಸೈಕಲ್ಲು ಯಾರಿಗೂ ಕೆಲಸ ಕೊಡದು. ನಿತ್ಯ ಓಡುವ ಸೈಕಲ್ಲಿಗೆ ಇಂದಲ್ಲ ನಾಳೆ ಬಾಲ್‌ಬೇರಿಂಗು ಬೇಕು, ಹೊಸ ಚೈನು ಬೇಕು, ಬಲ್ಲವನ ಕೈ ಬೇಕು.

ಬಲ್ಲವನ ಕೈ ಎಂದರೇನೆಂಬುದು ಅರ್ಥವಾಗುವುದು ಸ್ವಲ್ಪ ಕಲಿತವನಿಗೇ. ಎಡಗಡೆಯ ಪೆಡಲನ್ನು ಬಿಚ್ಚಲು ಹೊರಟ ಹೊಸಬ ಎಲ್ಲ ತಿರುಪುಗಳಂತೆ ಅದನ್ನೂ ಎಡಕ್ಕೆ ತಿರುಗಿಸುತ್ತಾನೆ. ಅದು ಇನ್ನಷ್ಟು ಬಿಗಿಯುತ್ತದೆ; ಅವನು ಇನ್ನಷ್ಟು ಬಲ ಹಾಕುತ್ತಾನೆ. ತುಳಿದಂತೆ ತುಳಿದಂತೆ ಪೆಡಲು ತಾನಾಗಿ ಕಳಚಿಕೊಳ್ಳಬಾರದೆಂದು ಆ ಒಂದು ಕಡೆಯ ತಿರುಪನ್ನು ತಿರುವುಮುರುವಾಗಿ ಮಾಡಿದ್ದಾರೆ. ಅಲ್ಲಿ ಬೇಕಾದುದು ತೋಳಿನ ಬಲವಲ್ಲ, ತಿಳಿವಳಿಕೆ. ಇನ್ನು ಗಾಲಿಯ ಬೆಂಡು ತೆಗೆಯುವುದನ್ನು ನೋಡಿ. ಸಾಧಾರಣ ಸೈಕಲ್ಲಿನ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಒಂದನ್ನು ಬಿಗಿದರೆ ನೆರೆಯ ಕಡ್ಡಿಗಳ ಎಳೆತವೂ ಬದಲಾಗುತ್ತದೆ. ಗಾಲಿಯನ್ನು ತಿರುಗಿಸುತ್ತ, ಕಣ್ಣನ್ನು ರಿಮ್ಮಿನ ಮೇಲಿಟ್ಟು, ಒಂದೊಂದನ್ನೂ ಕಾಲು ಸುತ್ತು ಬಿಗಿದು ಕಾಲು ಸುತ್ತು ಸಡಿಲಿಸಿ ಅದನ್ನು ನೇರಕ್ಕೆ ತರುವ ಮೇಸ್ತ್ರಿಯ ಮುಂದೆ ನಾಲ್ಕು ಪಾಠ ಕಲಿತ ನಮ್ಮ ವಿದ್ಯೆ ನಾಚಿ ನಿಲ್ಲುತ್ತದೆ. ನಾಚುವುದೇ ಅದರ ಫಲ. ಏನೂ ತಿಳಿಯದವನು 'ಇಷ್ಟಕ್ಕೆ ಇಷ್ಟು ಹಣವೇ?' ಎಂದು ಚೌಕಾಶಿ ಮಾಡುತ್ತಾನೆ. ತಾನೊಮ್ಮೆ ಮಸಿ ಹಚ್ಚಿಕೊಂಡವನು ಮಾತಾಡದೆ ಕೊಟ್ಟುಬರುತ್ತಾನೆ. ನೆಗಡಿಗೆ ಮನೆಯಲ್ಲಿಯೇ ಶುಂಠಿ ಕಷಾಯ, ಮೂಳೆ ಮುರಿದರೆ ವೈದ್ಯ, ಎಂಬ ವಿವೇಕವೇ ಇಲ್ಲಿಯೂ ಸಲ್ಲುತ್ತದೆ. ನಿತ್ಯದ ಆರೈಕೆ ಒಡೆಯನ ಕರ್ತವ್ಯ; ನುರಿತ ಕೈಯ ಕೆಲಸ ನುರಿತವನ ಹಕ್ಕು.

ಇದು ವಿರಾಮವುಳ್ಳವರ ವಿನೋದವೆಂದು ಯಾರಾದರೂ ತಿಳಿದಾರು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯ ಶಾಲೆ ಏಳನೆಯ ತರಗತಿಗೋ ಎಂಟನೆಯದಕ್ಕೋ ಮುಗಿದರೆ ಪ್ರೌಢಶಾಲೆ ಎಷ್ಟೋ ಮಕ್ಕಳಿಗೆ ಮೂರು ನಾಲ್ಕು ಮೈಲಿಯಾಚೆ. ಆ ದೂರವೇ ಕಾರಣವಾಗಿ ಹೆಣ್ಣುಮಕ್ಕಳ ಓದು ನಿಲ್ಲಬಾರದೆಂಬುದು ಅದರ ಹಿಂದಿನ ಆಲೋಚನೆಗಳಲ್ಲಿ ಒಂದು. ಕೋವಿಡ್ ಕಾಲದಲ್ಲಿ ಆ ಹಂಚಿಕೆ ನಿಂತಿತು. ಅಂಥ ಒಂದು ಸೈಕಲ್ಲಿನ ವಾಲ್ ಟ್ಯೂಬು ಹರಿಯಿತೆನ್ನಿ. ಕೆಲವೇ ರೂಪಾಯಿಯ, ಬೆರಳುದ್ದದ ರಬ್ಬರಿನ ನಳಿಗೆ ಅದು. ಬದಲಾಯಿಸಲು ಎರಡು ನಿಮಿಷ ಸಾಕು. ಊರಿನಲ್ಲಿ ಅಂಗಡಿಯಿಲ್ಲ. ಅಪ್ಪ ಕೆಲಸಕ್ಕೆ ಹೋಗಿದ್ದಾನೆ, ಅಣ್ಣನಿಗೆ ಪುರುಸೊತ್ತಿಲ್ಲ. ಸ್ಪ್ಯಾನರು ಹಿಡಿಯುವುದು ಗಂಡಸರ ಕೆಲಸವೆಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ, ಹುಡುಗಿಯೂ ನಂಬಿದ್ದಾಳೆ. ಸೈಕಲ್ಲು ಗೋಡೆಗೆ ಒರಗುತ್ತದೆ, ಹುಡುಗಿ ಮತ್ತೆ ನಡೆಯುತ್ತಾಳೆ. ಮಕ್ಕಳಿಗೆ ಸೈಕಲ್ಲು ಕೊಡುವ ಸರ್ಕಾರವಾಗಲಿ, ದಾನಿಯಾಗಲಿ, ತಂದೆಯಾಗಲಿ, ಅದರ ಜೊತೆಗೆ ಒಂದು ಪಂಪು, ಒಂದು ಸ್ಪ್ಯಾನರು, ಒಂದು ಮಧ್ಯಾಹ್ನದ ಪಾಠ ಇವನ್ನೂ ಕೊಟ್ಟರೆ ಕೊಡುಗೆ ಪೂರ್ತಿಯಾಗುತ್ತದೆ. ಆ ಪಾಠ ಹೇಳಲು ಊರಿನ ಸೈಕಲ್ ಮೇಸ್ತ್ರಿಯನ್ನೇ ಶಾಲೆಗೆ ಕರೆದು, ಗುರುಗಳಿಗೆ ಕೊಡುವ ಕುರ್ಚಿಯನ್ನೇ ಅವನಿಗೂ ಕೊಟ್ಟರೆ ಮಕ್ಕಳು ಒಂದಕ್ಕೆ ಎರಡು ಪಾಠ ಕಲಿಯುತ್ತಾರೆ.

ಆಯುಧಪೂಜೆಯ ದಿನ ನಾವು ಸೈಕಲ್ಲನ್ನು ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಕೈಮುಗಿಯುತ್ತೇವೆ. ಒಳ್ಳೆಯ ಆಚಾರ. ನಮ್ಮ ಭಾರವನ್ನು ಹೊತ್ತ ವಸ್ತುವಿಗೆ ಋಣಿಯಾಗಿರಬೇಕೆಂದು ಅದು ನೆನಪಿಸುತ್ತದೆ. ಆದರೆ ಮಿಕ್ಕ ದಿನಗಳಲ್ಲಿ ಒಂದು ಹನಿ ಎಣ್ಣೆಯಿಲ್ಲದೆ ಚೈನು ಕಿರುಗುಟ್ಟುತ್ತಿದ್ದರೆ, ಒಂದು ದಿನದ ಕುಂಕುಮ ಅದನ್ನು ಸುಮ್ಮನಾಗಿಸಲಾರದು. ಗಾದೆಯನ್ನು ತಿದ್ದುವ ಅಧಿಕಾರ ನನಗಿಲ್ಲ. ಆದರೂ, ತಾನು ಸ್ವಲ್ಪ ಮಾಡಿ ನೋಡಿದವನಿಗೆ ಇನ್ನೊಬ್ಬನು ಮಾಡಿದ್ದು ಎಷ್ಟು ಉತ್ತಮವೆಂದು ಕಾಣುತ್ತದೆ ಎಂಬ ಮಾತನ್ನು ಅದರ ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಚೈನಿನ ಮಸಿ ಸೀಗೆಪುಡಿಗೂ ಸೋಪಿಗೂ ಬೇಗ ಬಿಡುವುದಿಲ್ಲ. ಉಗುರಿನ ಸಂದಿಯಲ್ಲಿ ಎರಡು ದಿನ ನಿಲ್ಲುತ್ತದೆ. ನಿಲ್ಲಲಿ. ಕಚೇರಿಯಲ್ಲಿ ಯಾರಾದರೂ ನೋಡಿ ನಕ್ಕರೆ, ಅವರ ಟೈರಿನಲ್ಲಿ ಗಾಳಿ ಎಷ್ಟಿದೆಯೆಂದು ವಿಚಾರಿಸಿದರಾಯಿತು.