ಮೃತರಿಗಾಗಿ ಪ್ರಾರ್ಥನೆ: ಬೈಬಲಿನಲ್ಲಿ ಎಲ್ಲಿದೆ?



ನವೆಂಬರ್ ಬಂತೆಂದರೆ ನಾವು ಸಮಾಧಿಗಳನ್ನು ಶುಚಿಮಾಡಿ, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಅಗಲಿದವರ ಹೆಸರಿನಲ್ಲಿ ಪೂಜೆ ಒಪ್ಪಿಸುತ್ತೇವೆ. ಆಗ ಬೇರೆ ಸಭೆಗಳಿಗೆ ಸೇರಿದ ನಮ್ಮ ನೆಂಟರು, "ಇದು ಬೈಬಲಿನಲ್ಲಿ ಎಲ್ಲಿದೆ?" ಎಂದು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಸಿಟ್ಟಾಗದೆ ಉತ್ತರ ಹುಡುಕೋಣ.

ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ತೆರೆಯೋಣ. ಯುದ್ಧದಲ್ಲಿ ಮಡಿದ ಸೈನಿಕರ ಬಟ್ಟೆಯೊಳಗೆ ಅನ್ಯದೇವರುಗಳ ತಾಯಿತಗಳು ಸಿಕ್ಕವು. ಆದರೂ ಯೂದನು ಅವರನ್ನು ಕೈಬಿಡಲಿಲ್ಲ. ಸುಮಾರು 2,000 ಬೆಳ್ಳಿ ನಾಣ್ಯ ಕೂಡಿಸಿ, ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದನು. ಸತ್ತವರು ಏಳುವರೆಂಬ ನಂಬಿಕೆ ಇಲ್ಲದಿದ್ದರೆ ಈ ಪ್ರಾರ್ಥನೆ ವ್ಯರ್ಥವಾಗುತ್ತಿತ್ತು ಎಂದು ಗ್ರಂಥಕರ್ತನೇ ಹೇಳುತ್ತಾನೆ. ಈ ಗ್ರಂಥ ನಮ್ಮ 73 ಪುಸ್ತಕಗಳ ಬೈಬಲಿನಲ್ಲಿದೆ. ನೆಂಟರ ಮನೆಯ 66 ಪುಸ್ತಕಗಳ ಬೈಬಲಿನಲ್ಲಿಲ್ಲ. ಅರ್ಧ ವಾದ ಹುಟ್ಟುವುದೇ ಇಲ್ಲಿಂದ.

ಇಬ್ಬರ ಬೈಬಲಿನಲ್ಲೂ ಇರುವ ಮಾತನ್ನೂ ನೋಡೋಣ. ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 3ನೇ ಅಧ್ಯಾಯದಲ್ಲಿ ಸಂತ ಪೌಲರು, ಪ್ರತಿಯೊಬ್ಬರ ಕೆಲಸವನ್ನು ಬೆಂಕಿ ಪರೀಕ್ಷಿಸುವುದೆಂದೂ, ಕೆಲಸ ಸುಟ್ಟುಹೋದರೂ ಆ ವ್ಯಕ್ತಿ ಬೆಂಕಿಯನ್ನು ದಾಟಿದವನಂತೆ ಉಳಿಯುವನೆಂದೂ ಬರೆಯುತ್ತಾರೆ. 'ಶುದ್ಧೀಕರಣ ಸ್ಥಳ' ಎಂಬ ಪದ ಅಲ್ಲಿಲ್ಲ; ಅದನ್ನು ನಾವು ಒಪ್ಪಲೇಬೇಕು. ಆದರೆ ದೇವರು ತಮ್ಮವರನ್ನು ಶುದ್ಧಗೊಳಿಸಿ ಉಳಿಸುತ್ತಾರೆಂಬ ಭರವಸೆ ಅಲ್ಲಿದೆ. ಆ ಭರವಸೆಯಿಂದಲೇ ಧರ್ಮಸಭೆ ಮೊದಲಿನಿಂದಲೂ ಮೃತರಿಗಾಗಿ ಪ್ರಾರ್ಥಿಸಿದೆ. 387ರಲ್ಲಿ ಹುಟ್ಟೂರಿನಿಂದ ದೂರ, ಓಸ್ಟಿಯದಲ್ಲಿ ಪ್ರಾಣಬಿಟ್ಟ ಸಂತ ಮೋನಿಕಮ್ಮನವರು ತಮ್ಮ ದೇಹವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ, ಪೂಜಾಪೀಠದ ಬಳಿ ತಮ್ಮನ್ನು ನೆನೆದರೆ ಸಾಕು ಎಂದು ಮಕ್ಕಳನ್ನು ಕೇಳಿಕೊಂಡರು.

ಇನ್ನೊಂದು ಪ್ರಶ್ನೆಯನ್ನು ನೆಂಟರಲ್ಲ, ನಾವೇ ಕೇಳಿಕೊಳ್ಳಬೇಕು. ಕಾಣಿಕೆ ಕೊಡಲಾಗದ ಮನೆಯವರು, "ನಮ್ಮ ಯಜಮಾನರ ಆತ್ಮಕ್ಕೆ ಬಿಡುಗಡೆ ಸಿಗದೇನೋ" ಎಂದು ಕೊರಗುವಂತಾದರೆ, ನಾವು ಭರವಸೆಯನ್ನು ವ್ಯಾಪಾರ ಮಾಡಿದಂತಲ್ಲವೇ? ಟ್ರೆಂಟ್ ಮಹಾಸಭೆ 1563ರಲ್ಲಿ ಈ ಬೋಧನೆಯನ್ನು ಎತ್ತಿಹಿಡಿದಾಗಲೇ ಮೂಢನಂಬಿಕೆಯನ್ನೂ ಹಣದಾಸೆಯನ್ನೂ ದೂರವಿಡಬೇಕೆಂದು ಆಜ್ಞಾಪಿಸಿತು. ಪೂಜೆಯ ಕಾಣಿಕೆಯಲ್ಲಿ ವ್ಯಾಪಾರದ ಸುಳಿವೂ ಇರಕೂಡದು, ಬಡವರ ಕೋರಿಕೆಗಾಗಿ ಗುರುಗಳು ಕಾಣಿಕೆಯಿಲ್ಲದೆಯೂ ಪೂಜೆ ಅರ್ಪಿಸಬೇಕು ಎನ್ನುವುದೇ 1983ರ ಧರ್ಮಸಭೆಯ ಕಾನೂನಿನ ಆಶಯ. ಕಾಣಿಕೆ ನಮ್ಮ ಪ್ರೀತಿಯ ಗುರುತು. ಅದು ಕೃಪೆಯ ಬೆಲೆಯಲ್ಲ.

ಬದುಕಿದ್ದಾಗ ಮಾತು ಬಿಟ್ಟ ಅಣ್ಣನಿಗೆ ಸತ್ತ ಮೇಲೆ ದೊಡ್ಡ ಪೂಜೆ ಮಾಡಿಸಿ, ಅವನ ಮಕ್ಕಳೊಡನೆ ಜಗಳ ಮುಂದುವರಿಸಿದರೂ ಇದೇ ಪ್ರಶ್ನೆ ಏಳುತ್ತದೆ. ಮೃತರಿಗಾಗಿ ಪ್ರಾರ್ಥಿಸುವವರು ಅವರು ಬಿಟ್ಟುಹೋದ ಮುನಿಸನ್ನೂ ತೀರಿಸಬೇಕು.

ನಮ್ಮ ಸಮಾಧಿಭೂಮಿಯಲ್ಲಿ ಕನ್ನಡ, ತಮಿಳು, ತೆಲುಗು ಹೆಸರುಗಳು ಅಕ್ಕಪಕ್ಕದಲ್ಲೇ ಇವೆ. ಕೆಲವಕ್ಕೆ ದೀಪ ಹಚ್ಚುವವರು ಯಾರೂ ಉಳಿದಿಲ್ಲ. ಈ ತಿಂಗಳು ನಮ್ಮವರ ಹೆಸರಿನೊಂದಿಗೆ ಅಂಥವರದೊಂದು ಹೆಸರನ್ನೂ ಸೇರಿಸಿಕೊಳ್ಳೋಣ. ಕೈಯಲ್ಲಿ ಕಾಸಿಲ್ಲದವರು ಸಂಕೋಚಪಡದೆ ಗುರುಗಳಿಗೆ ಹೆಸರು ಬರೆಸಲಿ.