ಬಲಿಪೀಠದ ದಾರಿಯಲ್ಲಿ ಸಹೋದರನ ಮನೆ

ಭಾನುವಾರದ ದಿವ್ಯಬಲಿಪೂಜೆಯಲ್ಲಿ, ಪ್ರಭು ಕಲಿಸಿದ ಪ್ರಾರ್ಥನೆಯ ಬಳಿಕ, ಪರಸ್ಪರ ಶಾಂತಿಯನ್ನು ಕೋರುವಂತೆ ನಮಗೆ ಆಹ್ವಾನ ಬರುತ್ತದೆ. ನಾವು ಎಡಕ್ಕೂ ಬಲಕ್ಕೂ ತಿರುಗಿ ಕೈಮುಗಿಯುತ್ತೇವೆ. ಪಕ್ಕದಲ್ಲಿ ನಿಂತವರ ಹೆಸರು ಗೊತ್ತಿರದಿದ್ದರೂ ಮುಗುಳ್ನಗುತ್ತೇವೆ. ಆದರೆ ಅದೇ ದೇವಾಲಯದ ಇನ್ನೊಂದು ಸಾಲಿನಲ್ಲಿ, ನಮ್ಮೊಡನೆ ಉಂಡು ಬೆಳೆದ ಅಣ್ಣನೋ ತಂಗಿಯೋ ನಿಂತಿರಬಹುದು. ಆ ಕಡೆಗೆ ಮಾತ್ರ ನಮ್ಮ ಮುಖ ತಿರುಗುವುದಿಲ್ಲ. ಅಪರಿಚಿತರಿಗೆ ಶಾಂತಿ ಕೋರುವುದು ಸುಲಭ. ಅವರೊಡನೆ ನಮಗೆ ಯಾವ ಲೆಕ್ಕವೂ ಬಾಕಿಯಿಲ್ಲ. ಲೆಕ್ಕ ಬಾಕಿಯಿರುವುದು ಒಡಹುಟ್ಟಿದವರೊಡನೆ. ಹಾಗಾದರೆ, ಪ್ರಿಯ ಓದುಗರೇ, ಮನೆಯಲ್ಲಿ ಮುರಿದ ಸಂಬಂಧವನ್ನು ಹಾಗೆಯೇ ಬಿಟ್ಟು ದೇವರನ್ನು ಆರಾಧಿಸಲು ಸಾಧ್ಯವೇ?

ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಇದಕ್ಕೆ ನೇರವಾದ ಉತ್ತರ ನೀಡಿದ್ದಾರೆ. ಬಲಿಪೀಠದ ಮುಂದೆ ನಿಂತಾಗ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕೆಂಬುದು ಅವರ ಬೋಧನೆ. ಇದನ್ನು ಕೇಳಿಸಿಕೊಂಡವರು ಗಲಿಲೇಯದ ಜನ. ಅವರು ಬಲಿಯನ್ನರ್ಪಿಸುವ ಮಹಾದೇವಾಲಯವಿದ್ದುದು ಜೆರುಸಲೇಮಿನಲ್ಲಿ, 100 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಕಾಣಿಕೆಯನ್ನು ಬಿಟ್ಟು, ಊರಿಗೆ ನಡೆದು, ಸಂಧಾನ ಮಾಡಿಕೊಂಡು ಮತ್ತೆ ಬರುವುದೆಂದರೆ ಹಲವು ದಿನಗಳ ಕಾಲ್ನಡಿಗೆ. ಅಷ್ಟು ಶ್ರಮವಾದರೂ ಸರಿ, ಆರಾಧನೆ ಕಾಯಲಿ ಎಂದು ಪ್ರಭು ಹೇಳುತ್ತಾರೆ. ನಮ್ಮ ಸಹೋದರನ ಮನೆ ಅಷ್ಟು ದೂರವಿಲ್ಲ. ಹಲವರಿಗೆ ಅದು ಅದೇ ಬೀದಿಯಲ್ಲಿದೆ.

ಈ ಬೋಧನೆಯಲ್ಲಿ ನಾವು ಅವಸರದಲ್ಲಿ ದಾಟಿಹೋಗುವ ಇನ್ನೊಂದು ಅಂಶವಿದೆ. ನಿನಗೆ ಯಾರ ಮೇಲಾದರೂ ಕೋಪವಿದೆಯೇ ಎಂದು ಪ್ರಭು ಇಲ್ಲಿ ಕೇಳುವುದಿಲ್ಲ. ನಿನ್ನ ಮೇಲೆ ಯಾರಿಗಾದರೂ ದೂರು ಇದೆಯೇ ಎಂದು ಕೇಳುತ್ತಾರೆ. "ನನಗೆ ಯಾರ ಮೇಲೂ ದ್ವೇಷವಿಲ್ಲ, ನನ್ನ ಮನಸ್ಸು ನಿರ್ಮಲ" ಎಂದು ಹೇಳಿ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಗೆದ್ದವನಿಗೆ ಕೋಪವಿರಬೇಕಾದ ಕಾರಣವಾದರೂ ಏನು? ಕೋಪ ಉಳಿಯುವುದು ಕಳೆದುಕೊಂಡವರಲ್ಲಿ. ಆದ್ದರಿಂದ ಆತ್ಮಪರಿಶೋಧನೆ ನಮ್ಮ ಮನಸ್ಸಿನ ಒಳಗೇ ಮುಗಿಯಲಾರದು. ಎದುರಿನವರ ಮನಸ್ಸಿನ ನೋವನ್ನೂ ಅದು ವಿಚಾರಿಸಬೇಕು.

ನಮ್ಮ ಕುಟುಂಬಗಳಲ್ಲಿ ಈ ನೋವು ಹೆಚ್ಚಾಗಿ ಹುಟ್ಟುವುದು ಆಸ್ತಿಯ ಪಾಲಿನಲ್ಲಿ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ತೀರಿಹೋದ ಕ್ರೈಸ್ತ ತಂದೆತಾಯಿಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಸಲ್ಲಬೇಕು. ಹಿಂದಿನ ತಿರುವಾಂಕೂರಿನ ಕ್ರೈಸ್ತ ಸ್ತ್ರೀಯರಿಗೆ ಈ ಹಕ್ಕು ದೊರೆಯಲು ಮೇರಿ ರಾಯ್ ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ತೀರ್ಪು ಬಂದದ್ದು 1986ರಲ್ಲಿ. ಕಾನೂನು ಹೀಗಿದ್ದರೂ ಮನೆಯೊಳಗೆ ನಡೆಯುವುದು ಬೇರೆ. "ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂದು ಹೇಳಿ ತಂಗಿಯ ಮುಂದೆ ಹಕ್ಕುಬಿಡುಗಡೆಯ ಪತ್ರವನ್ನು ಇಡುತ್ತೇವೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಆಕೆ ಸಹಿ ಹಾಕುತ್ತಾಳೆ. ಅದನ್ನು ನಾವು ಒಪ್ಪಿಗೆ ಎಂದು ಕರೆಯುತ್ತೇವೆ. ಮುಂದಿನ ಭಾನುವಾರ ಅದೇ ತಂಗಿಗೆ ಶಾಂತಿ ಕೋರುತ್ತೇವೆ.

ಇಂಥ ಸಂದರ್ಭದಲ್ಲಿ ಬರಿಯ ಒಳ್ಳೆಯ ಮಾತು ಸಂಧಾನವಾಗಲಾರದು. ಲೂಕನ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯನನ್ನು ನೆನೆಯೋಣ. ಆತ ಪಶ್ಚಾತ್ತಾಪವನ್ನು ಕಣ್ಣೀರಿನಲ್ಲಿ ತೋರಿಸಲಿಲ್ಲ, ಲೆಕ್ಕದಲ್ಲಿ ತೋರಿಸಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ವಂಚಿಸಿದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ. ಆಗ ಯೇಸು ರಕ್ಷಣೆಯ ಮಾತನ್ನಾಡಿದ್ದು ದೇವಾಲಯದಲ್ಲಲ್ಲ, ಆ ಮನೆಯನ್ನು ಕುರಿತು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಸಂಧಾನದ ಹೆಸರಿನಲ್ಲಿ ಅನ್ಯಾಯಕ್ಕೆ ಒಳಗಾದವರ ಬಾಯಿ ಮುಚ್ಚಿಸುವುದು ಶುಭಸಂದೇಶವಲ್ಲ. ಪೆಟ್ಟು ತಿಂದ ಪತ್ನಿಗೆ "ಹೊಂದಿಕೊಂಡು ಹೋಗಮ್ಮ" ಎಂದು ಬುದ್ಧಿ ಹೇಳುವವರು ಪ್ರಭುವಿನ ಮಾತನ್ನು ತಲೆಕೆಳಗು ಮಾಡುತ್ತಾರೆ. ಎದ್ದು ಹೋಗಬೇಕಾದವನು ನೋಯಿಸಿದವನು. ಹಾಗೆ ಹೋದಾಗ ಎದುರಿನವರು ಬಾಗಿಲು ತೆರೆಯದೆಯೂ ಇರಬಹುದು. ಸಂತ ಪೌಲರು ರೋಮನರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಈ ಮಿತಿಯನ್ನು ಒಪ್ಪುತ್ತಾರೆ: ನಮ್ಮಿಂದ ಸಾಧ್ಯವಾದಷ್ಟನ್ನು ಮಾಡುವುದು ನಮ್ಮ ಪಾಲು. ಫಲ ನಮ್ಮ ಕೈಯಲ್ಲಿಲ್ಲ, ಹೆಜ್ಜೆ ಇದೆ.

ಧರ್ಮಸಭೆಗೆ ಈ ಚಿಂತನೆ ಹೊಸದಲ್ಲ. ಆದಿಸಭೆಯ ಕಾಲದ 'ದಿದಾಖೆ' ಎಂಬ ಕಿರುಗ್ರಂಥವು, ಜಗಳದಲ್ಲಿರುವವರು ರಾಜಿಯಾಗುವ ತನಕ ಭಾನುವಾರದ ಸಭೆಯಲ್ಲಿ ಸೇರಬಾರದೆಂದು ವಿಧಿಸುತ್ತದೆ. ಒಪ್ಪಿಕೊಂಡ ವಿಶ್ವಾಸಕ್ಕೂ ದಿನನಿತ್ಯದ ಬಾಳಿಗೂ ಇರುವ ಬಿರುಕು ನಮ್ಮ ಕಾಲದ ಗಂಭೀರ ದೋಷಗಳಲ್ಲಿ ಒಂದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಎಚ್ಚರಿಸಿತು. ಇದಕ್ಕೆ ಒಂದು ವರ್ಷ ಮೊದಲು ಅದೇ ಮಹಾಸಭೆ ಕುಟುಂಬವನ್ನು ಗೃಹಸಭೆಯೆಂದು ಗೌರವಿಸಿತ್ತು. ಜಗದ್ಗುರು ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀತ್ಸಿಯ' ಪತ್ರದಲ್ಲಿ, ಮನೆಯಲ್ಲಿ ಸಮಾಧಾನ ಮಾಡಿಕೊಳ್ಳದೆ ದಿನವನ್ನು ಮುಗಿಸಬೇಡಿರೆಂದು ಕುಟುಂಬಗಳಿಗೆ ತಿಳಿಸಿದರು. ಸಣ್ಣ ಮುನಿಸನ್ನು ಅಂದೇ ತೊಳೆದುಕೊಳ್ಳುವ ಮನೆಯಲ್ಲಿ ದೊಡ್ಡ ಒಡಕು ಬೇರೂರುವುದು ಕಷ್ಟ.

ಆದುದರಿಂದ ಮುಂದಿನ ಬಲಿಪೂಜೆಗೆ ಹೊರಡುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ನನ್ನಿಂದ ನೊಂದು ಮೌನವಾದವರು ಯಾರು? ಅವರಿಗೆ ನಾನು ಕೊಡಬೇಕಾದುದು ಒಂದು ಮಾತೋ, ಒಂದು ಭೇಟಿಯೋ, ಒಂದು ಗುಂಟೆ ಜಮೀನೋ? ಉತ್ತರ ಸಿಕ್ಕಿದರೆ ತಡಮಾಡುವುದು ಬೇಡ. ಮಕ್ಕಳು ನಮ್ಮನ್ನು ಗಮನಿಸುತ್ತಿದ್ದಾರೆ. ಧರ್ಮೋಪದೇಶದ ತರಗತಿಯಲ್ಲಿ ಕಲಿತ ಕ್ಷಮೆಯ ಪಾಠ ನಿಜವೋ ಸುಳ್ಳೋ ಎಂಬುದನ್ನು ಅವರು ನಿರ್ಧರಿಸುವುದು, ಅತ್ತೆಯ ಮನೆಗೂ ದೊಡ್ಡಪ್ಪನ ಮನೆಗೂ ನಾವು ಹೋಗಿಬರುತ್ತೇವೆಯೇ ಎಂಬುದನ್ನು ನೋಡಿಯೇ. ಆ ಮೊದಲ ಹೆಜ್ಜೆಗೆ ಬೇಕಾದ ಧೈರ್ಯವನ್ನು ಪವಿತ್ರಾತ್ಮರು ನಮ್ಮೆಲ್ಲರಿಗೂ ಅನುಗ್ರಹಿಸಲಿ.